ಮೈಂದರ್ಗಿಯ ಕೌದಿ, ಸೊಲ್ಲಾಪುರದ ಚಾದರ

ಸೊಲ್ಲಾಪುರದಿಂದ ಹೊರಟ ಎಸ್‌ಟಿ ಬಸ್ಸು ವಳಸಂಗ ದಾಟಿದ ಮೇಲೆ ರಸ್ತೆಯ ಎರಡೂ ಬದಿಗೆ ಎರೆಭೂಮಿ ಹರಡಿಕೊಳ್ಳುತ್ತದೆ. ಜೋಳ, ತೊಗರಿ, ಕಡಲೆ. ನಡುವೆ ಒಂದೊಂದು ಬೇವು, ಒಂದೊಂದು ಜಾಲಿ. ಅಕ್ಕಲಕೋಟೆಯಲ್ಲಿ ಸ್ವಾಮಿ ಸಮರ್ಥರ ದರ್ಶನಕ್ಕೆ ಬಂದ ಭಕ್ತರೆಲ್ಲ ಇಳಿಯುತ್ತಾರೆ. ದೂರದ ಪುಣೆ, ಮುಂಬಯಿಗಳಿಂದ ಬಂದವರಿಗೆ ಪ್ರವಾಸ ಅಲ್ಲಿಗೇ ಮುಗಿಯಿತು. ಅಲ್ಲಿಂದ ಆಗ್ನೇಯಕ್ಕೆ, ದುಧನಿಯ ದಾರಿ ಹಿಡಿದು ಮುಂದೆ ಸಾಗುವವರ ಮಾತು ಮಾತ್ರ ಬೇರೆಯಾಗಿರುತ್ತದೆ. ಕಂಡಕ್ಟರನಿಗೆ ಮರಾಠಿಯಲ್ಲಿ ಊರ ಹೆಸರು ಹೇಳಿ ಟಿಕೀಟು ಪಡೆದವರು ಪಕ್ಕದವರೊಡನೆ ಕನ್ನಡಕ್ಕೆ ಹೊರಳುತ್ತಾರೆ. ಮೈಂದರ್ಗಿ ಬರುವುದು ಈ ದಾರಿಯಲ್ಲಿ.

ಅಕ್ಕಲಕೋಟೆ ತಾಲೂಕಿನಲ್ಲಿ ನಗರ ಪರಿಷತ್ತು ಇರುವ ಊರುಗಳು ಮೂರು: ಅಕ್ಕಲಕೋಟೆ, ದುಧನಿ ಮತ್ತು ಮೈಂದರ್ಗಿ. ಅಕ್ಕಲಕೋಟೆಗೆ ಮಠ, ಅರಮನೆ ಮತ್ತು ಯಾತ್ರಿಕರು ಇದ್ದಾರೆ. ದುಧನಿಗೆ ರೈಲು ನಿಲ್ದಾಣ ಮತ್ತು ಅಡತಿಯ ವ್ಯಾಪಾರವಿದೆ. ಮೈಂದರ್ಗಿ ಇವೆರಡರ ನಡುವೆ ತನ್ನಷ್ಟಕ್ಕೆ ತಾನಿರುವ ಊರು. ಪ್ರವಾಸಿಗಳು ಹುಡುಕಿಕೊಂಡು ಬರುವ ಸ್ಥಳವಲ್ಲ. ಅಂಗಡಿಗಳ ಹಲಗೆ ಮರಾಠಿ, ಅಂಗಡಿಯೊಳಗಿನ ಲೆಕ್ಕಾಚಾರ ಕನ್ನಡ. ಕರ್ನಾಟಕದ ಗಡಿ ಸಮೀಪದಲ್ಲೇ ಇದೆ. ಬೀಗತನಗಳಿಗೂ ಜಾತ್ರೆಗಳಿಗೂ ಆ ಗೆರೆ ಲೆಕ್ಕಕ್ಕೆ ಬಂದದ್ದಿಲ್ಲ. ಇಂಥ ಊರಿನಲ್ಲಿ ಕಲೆಯನ್ನು ನೋಡಬೇಕೆಂದು ಬಂದವನು ಗುಡಿಯ ಕಂಬಗಳನ್ನು ಎಣಿಸುವುದಕ್ಕಿಂತ ಮನೆಯ ಪಡಸಾಲೆಯನ್ನು ನೋಡುವುದು ಲೇಸು. ಸುಗ್ಗಿ ಮುಗಿದು ಬಿಸಿಲು ಬಲಿಯುವ ದಿನಗಳಲ್ಲಿ, ಮಧ್ಯಾಹ್ನದ ಊಟವಾದ ಮೇಲೆ, ಈ ಸೀಮೆಯ ಪಡಸಾಲೆಗಳಲ್ಲಿ ಕೌದಿ ಬಿಚ್ಚಿಕೊಳ್ಳುತ್ತದೆ.

ಕೌದಿಯನ್ನು ಮರಾಠಿ ನೆರೆಯವರು ಗೋಧಡಿ ಎನ್ನುತ್ತಾರೆ. ಉಟ್ಟು ಹಳತಾದ ಸೀರೆ, ಧೋತರ, ಮಕ್ಕಳಿಗೆ ಚಿಕ್ಕದಾದ ಅಂಗಿ, ಕುಪ್ಪಸದ ಕಣ, ಇವೇ ಅದರ ಬಂಡವಾಳ. ಹೊದ್ದುಕೊಳ್ಳುವವರಿಗೆ ಅದು ಬೆಚ್ಚನೆಯ ವಸ್ತು. ಅಜ್ಜಿಯ ಸೀರೆಯ ಅಂಚು ಯಾವುದು, ತಂಗಿಯ ಲಂಗದ ತುಂಡು ಯಾವುದು ಎಂದು ಬೆರಳಿಟ್ಟು ಹುಡುಕುವ ಮಗುವಿಗೆ ಅದೊಂದು ಪುಸ್ತಕ. ಆದರೆ ಇಲ್ಲಿ ಗಮನಿಸಬೇಕಾದದ್ದು ಅದನ್ನು ಹೊಲಿಯುವ ಕ್ರಮ. ದೊಡ್ಡ ಕಲಾಕೃತಿಯೊಂದನ್ನು ಬಿಡುವಿಲ್ಲದ ಬದುಕಿನ ಸಂದುಗಳಲ್ಲಿ ಕೂರಿಸುವುದು ಹೇಗೆ ಎಂಬ ಪ್ರಶ್ನೆಗೆ ಈ ಹೆಣ್ಣುಮಕ್ಕಳು ಬಹಳ ಹಿಂದೆಯೇ ಉತ್ತರ ಕಂಡುಕೊಂಡಿದ್ದಾರೆ. ಆ ಉತ್ತರಕ್ಕೆ ಅವರು ಹೆಸರಿಡಲಿಲ್ಲ, ಅಷ್ಟೆ.

ಮೊದಲ ಕೆಲಸ ಅರಿವೆ ಕೂಡಿಸುವುದು. ಇದು ತಿಂಗಳುಗಟ್ಟಲೆ ನಡೆಯುತ್ತದೆ. ಇದಕ್ಕೆಂದು ಯಾರೂ ಕೂಡುವುದಿಲ್ಲ, ಹರಿದ ಬಟ್ಟೆ ಗಂಟಿಗೆ ಸೇರುತ್ತ ಹೋಗುತ್ತದೆ. ಎರಡನೆಯದು ತೊಳೆದು ಒಣಗಿಸುವುದು. ಮಳೆಗಾಲದಲ್ಲಿ ಆಗದು, ಬಿಸಿಲು ಬೇಕು. ಮೂರನೆಯದು ಹೊಲಿಗೆ ಬಿಚ್ಚಿ, ಗುಂಡಿ ಕಿತ್ತು, ಗಟ್ಟಿ ಇರುವ ಭಾಗವನ್ನು ಹರಿದು ವಿಂಗಡಿಸುವುದು. ಮೆತ್ತನೆಯ ದೊಡ್ಡ ಸೀರೆಗಳು ಅಡಿಹಾಸಿಗೆ, ಒಂದೇ ಬಣ್ಣದ ಉದ್ದ ಪಟ್ಟಿಗಳು ಅಂಚಿಗೆ, ಚಿಕ್ಕ ತುಂಡುಗಳು ಮೈಗೆ. ಸೂಜಿ ಇಳಿಯದ ದಪ್ಪ ಬಟ್ಟೆ ಇಲ್ಲಿಯೇ ಹೊರಬೀಳುತ್ತದೆ. ಅಡಿಹಾಸು ಹಾಸಿ, ನಾಲ್ಕು ಮೂಲೆ ಎಳೆದು ಸರಿಮಾಡಿ, ದೊಡ್ಡ ಟಾಕಿ ಹಾಕಿ ನಿಲ್ಲಿಸಿದ ಮೇಲೆ ತೇಪೆ ಹಚ್ಚುವ ಕೆಲಸ. ಸಾಮಾನ್ಯವಾಗಿ ಅಂಚಿನಿಂದ ಒಳಮುಖವಾಗಿ ಹೊಲಿಗೆ ಸಾಗುತ್ತದೆ. ಅಂಚು ಬಿಗಿಯಾದರೆ ಒಡಲು ಸರಿಯುವುದಿಲ್ಲ.

ಇಷ್ಟೆಲ್ಲ ಮೊದಲೇ ಗೊತ್ತು. ಗೊತ್ತಿಲ್ಲದ್ದು ಒಂದೇ: ಕೆಂಪಿನ ಪಕ್ಕಕ್ಕೆ ಯಾವ ಬಣ್ಣ? ಅದನ್ನು ಯಾರೂ ಮುಂಚೆ ನಿರ್ಧರಿಸುವುದಿಲ್ಲ. ತುಂಡನ್ನು ಎತ್ತಿ, ಇಟ್ಟು ನೋಡಿ, ತೆಗೆದು, ಇನ್ನೊಂದನ್ನು ಇಟ್ಟು, ಪಕ್ಕದಲ್ಲಿ ಕೂತ ವೈನಿಯನ್ನೋ ಅತ್ತೆಯನ್ನೋ ಕೇಳಿ, ಅವರು ಹೇಳಿದ್ದನ್ನು ಬಿಟ್ಟು ತನ್ನ ಮನಸ್ಸಿಗೆ ಬಂದದ್ದನ್ನೇ ಹಚ್ಚುವ ಸ್ವಾತಂತ್ರ್ಯ ಹೊಲಿಯುವವಳದು. ಉಳಿದೆಲ್ಲದರ ಕ್ರಮ ಕಟ್ಟುನಿಟ್ಟಾಗಿರುವುದರಿಂದಲೇ ಈ ಒಂದು ಕ್ಷಣ ನಿರಾತಂಕವಾಗಿ ಅವಳ ಕೈಗೆ ಉಳಿಯುತ್ತದೆ. ತೊಳೆಯದ ಬಟ್ಟೆ, ಬಿಚ್ಚದ ಗುಂಡಿ, ಸಿಗದ ದಾರ ಇವುಗಳ ನಡುವೆ ಬಣ್ಣದ ವಿಚಾರ ಮಾಡಲು ಯಾರಿಂದಲೂ ಆಗದು.

ಇನ್ನೊಂದು ಗುಣ ಇದಕ್ಕಿಂತ ಹಿರಿದು. ಕೌದಿಯನ್ನು ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಹಾಲು ಉಕ್ಕಿತೆಂದೋ, ಕೂಸು ಎದ್ದಿತೆಂದೋ, ಹೊಲದಿಂದ ಕರೆ ಬಂದಿತೆಂದೋ ಎದ್ದವಳು ಸೂಜಿಯನ್ನು ಹೊಲಿಗೆ ನಿಂತ ಜಾಗದಲ್ಲಿಯೇ ಚುಚ್ಚಿ, ಕೌದಿಯನ್ನು ಸುತ್ತಿ ಮೂಲೆಗಿಡುತ್ತಾಳೆ. ನಾಲ್ಕು ದಿನದ ಮೇಲೆ ಬಿಚ್ಚಿದರೂ ಮುಗಿದದ್ದು ಎಷ್ಟು, ನಡೆದದ್ದು ಎಲ್ಲಿ, ಉಳಿದದ್ದು ಎಷ್ಟು ಎಂಬುದು ಒಂದು ನೋಟಕ್ಕೆ ಕಾಣುತ್ತದೆ. ನೆನಪಿಟ್ಟುಕೊಳ್ಳುವ ಭಾರವನ್ನು ಬಟ್ಟೆಯೇ ಹೊತ್ತಿರುತ್ತದೆ. ಮತ್ತು ಒಂದು ಕೌದಿ ಮುಗಿಯುವ ತನಕ ಇನ್ನೊಂದನ್ನು ಹಾಸುವುದಿಲ್ಲ. ಪಡಸಾಲೆಯಲ್ಲಿ ಎರಡಕ್ಕೆ ಜಾಗವೇ ಇಲ್ಲ.

ಇಂದು ನಗರದ ಕಚೇರಿಗಳಲ್ಲಿ ‘ಕಾರ್ಯ ನಿರ್ವಹಣೆ’ ಎಂಬ ಹೆಸರಿನಲ್ಲಿ ಕಲಿಸುವ ವಿದ್ಯೆಯಲ್ಲಿ ಬಹುಪಾಲು ಇದೇ ಇದೆ. ಜಪಾನಿನ ಟೊಯೋಟಾ ಕಾರಖಾನೆಯಲ್ಲಿ 1950ರ ದಶಕದಲ್ಲಿ ತೈಚಿ ಓನೋ ಎಂಬ ಎಂಜಿನಿಯರು ರೂಢಿಗೆ ತಂದ ‘ಕಾನ್‌ಬಾನ್’ ಪದ್ಧತಿಯ ಹೆಸರಿಗೆ ಫಲಕ ಎಂದು ಅರ್ಥ. ಯಾವ ಬಿಡಿಭಾಗ ಎಷ್ಟು ಬೇಕೆಂಬುದನ್ನು ಚೀಟಿಯೊಂದು ಹೇಳುತ್ತಿತ್ತು. ಚೀಟಿ ಬರದೆ ಹೊಸ ಭಾಗ ತಯಾರಾಗುತ್ತಿರಲಿಲ್ಲ. ಇದೇ ವಿಚಾರ ಮುಂದೆ ಕಚೇರಿಗಳ ಗೋಡೆಗೆ ಬಂದು, ‘ಮಾಡಬೇಕಾದದ್ದು, ಮಾಡುತ್ತಿರುವುದು, ಮಾಡಿದ್ದು’ ಎಂಬ ಮೂರು ಅಂಕಣಗಳ ಹಲಗೆಯಾಯಿತು. ನಡುವಿನ ಅಂಕಣದಲ್ಲಿ ಎರಡು ಮೂರಕ್ಕಿಂತ ಹೆಚ್ಚು ಚೀಟಿ ಇರಬಾರದೆಂಬುದು ಅದರ ಮುಖ್ಯ ನಿಯಮ. ಮೈಂದರ್ಗಿಯ ಪಡಸಾಲೆಯ ಅಳತೆ ಹೇಳುವುದೂ ಅದನ್ನೇ. ಇಟಲಿಯ ಫ್ರಾಂಚೆಸ್ಕೊ ಚಿರಿಲ್ಲೊ 1980ರ ದಶಕದ ಕೊನೆಗೆ, ವಿದ್ಯಾರ್ಥಿಯಾಗಿದ್ದಾಗ, ಟೊಮೇಟೊ ಆಕಾರದ ಅಡುಗೆಮನೆಯ ಗಡಿಯಾರ ಇಟ್ಟುಕೊಂಡು 25 ನಿಮಿಷ ಕೆಲಸ, ಐದು ನಿಮಿಷ ವಿರಾಮ ಎಂಬ ಕ್ರಮ ಮಾಡಿಕೊಂಡ. ಅದೂ ಲೋಕಪ್ರಸಿದ್ಧವಾಯಿತು. ಹಾಲು ಉಕ್ಕುವ ವೇಳೆಯನ್ನು ಗಡಿಯಾರವಾಗಿ ಮಾಡಿಕೊಂಡವರ ಹೆಸರು ಯಾವ ಪುಸ್ತಕಕ್ಕೂ ಸೇರಲಿಲ್ಲ.

ಇದೇ ದಾರಿಯ ಇನ್ನೊಂದು ತುದಿಯಲ್ಲಿ, ಸೊಲ್ಲಾಪುರದಲ್ಲಿ, ಇದಕ್ಕೆ ತೀರ ವಿರುದ್ಧವಾದ ಕ್ರಮವೊಂದಿದೆ. ಅಲ್ಲಿ 1877ರಲ್ಲಿ ಮೊದಲ ಹತ್ತಿಗಿರಣಿ ಹುಟ್ಟಿತು. ತೆಲುಗು ನಾಡಿನಿಂದ ಬಂದ ಪದ್ಮಶಾಲಿ ನೇಕಾರರು ಊರಿನ ಪೂರ್ವಭಾಗವನ್ನು ಮಗ್ಗದ ಪೇಟೆಯನ್ನಾಗಿ ಮಾಡಿದರು. ಸೊಲ್ಲಾಪುರಿ ಚಾದರಿಗೆ ಇಂದು ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಚಾದರು ಕೂಡ ಹೊದೆಯುವ ವಸ್ತುವೇ, ಬಣ್ಣದ ಕಲೆಯೇ. ಆದರೆ ಅದರಲ್ಲಿ ಬಣ್ಣದ ನಿರ್ಧಾರವೆಲ್ಲ ಮಗ್ಗ ಅಲುಗುವ ಮುಂಚೆಯೇ ಮುಗಿದಿರುತ್ತದೆ.

ಮೊದಲು ಚಿತ್ರಕಾರನು ನವಿಲನ್ನೋ ಬಳ್ಳಿಯನ್ನೋ ಕಾಗದದ ಮೇಲೆ ಬರೆಯುತ್ತಾನೆ. ಅದನ್ನು ಸಣ್ಣ ಚೌಕಗಳ ಕಾಗದಕ್ಕೆ ಇಳಿಸುತ್ತಾರೆ. ನವಿಲಿನ ಕೊರಳ ಬಾಗು ಈಗ ಮೆಟ್ಟಿಲು ಮೆಟ್ಟಿಲಾಗುತ್ತದೆ. ಒಂದೊಂದು ಸಾಲಿಗೆ ಒಂದೊಂದು ರಟ್ಟಿನ ಕಾರ್ಡು. ಹಾಸಿನ ಎಳೆ ಏಳಬೇಕಾದಲ್ಲಿ ತೂತು, ಏಳಬಾರದಲ್ಲಿ ತೂತಿಲ್ಲ. ಕಾರ್ಡುಗಳನ್ನು ಅನುಕ್ರಮವಾಗಿ ದಾರದಿಂದ ಪೋಣಿಸಿ ಮಗ್ಗದ ಮೇಲಿನ ಜಕಾರ್ಡ್ ಯಂತ್ರಕ್ಕೆ ಏರಿಸಿದರೆ, ಲಾಳಿ ಒಮ್ಮೆ ಹಾಯುವಾಗ ಒಂದು ಕಾರ್ಡು ಮುಂದೆ ಸರಿಯುತ್ತದೆ. ಒಂದು ಕಾರ್ಡು ಹಿಂದುಮುಂದಾದರೆ ನವಿಲಿನ ಕೊರಳು ಮುರಿಯುತ್ತದೆ. ಇತ್ತೀಚೆಗೆ ಚೌಕಳಿ ಕಾಗದದ ಸ್ಥಾನಕ್ಕೆ ಗಣಕಯಂತ್ರದ ಪರದೆ ಬಂದಿದೆ. ತರ್ಕ ಮಾತ್ರ ಹಳೆಯದೇ. ಕಲೆಯ ಕೆಲಸವನ್ನು ಸಣ್ಣ ಸಣ್ಣ ಸೂಚನೆಗಳಾಗಿ ಒಡೆದು ಸಾಲಾಗಿ ನಿಲ್ಲಿಸುವ ವಿದ್ಯೆಯ ಪರಾಕಾಷ್ಠೆ ಇದು.

ಈ ಯಂತ್ರವನ್ನು ಫ್ರಾನ್ಸಿನ ಲಿಯೋನ್ ನಗರದ ಜೋಸೆಫ್ ಮರಿ ಜಕಾರ್ಡ್ 1804ರ ಸುಮಾರಿಗೆ ರೂಪಿಸಿದ. ಅವನು ತೀರಿಕೊಂಡ ಮೇಲೆ, 1839ರಲ್ಲಿ, ಅವನದೇ ಭಾವಚಿತ್ರವನ್ನು ರೇಷ್ಮೆಯಲ್ಲಿ ನೇಯ್ದರು. ಅದಕ್ಕೆ ಸುಮಾರು 24,000 ಕಾರ್ಡು ಹಿಡಿದವು. ಇಂಗ್ಲೆಂಡಿನ ಗಣಿತಜ್ಞ ಚಾರ್ಲ್ಸ್ ಬ್ಯಾಬೇಜ್ ಅಂಥದೊಂದನ್ನು ತರಿಸಿ ಮನೆಯಲ್ಲಿಟ್ಟುಕೊಂಡಿದ್ದ. ಅವನು ಕಲ್ಪಿಸಿದ ಲೆಕ್ಕದ ಯಂತ್ರಕ್ಕೂ ತೂತಿನ ಕಾರ್ಡುಗಳೇ ಆದೇಶ ಕೊಡಬೇಕಾಗಿತ್ತು. 1843ರಲ್ಲಿ ಏಡಾ ಲವ್‌ಲೇಸ್ ಆ ಯಂತ್ರವನ್ನು ವಿವರಿಸುವಾಗ ಜಕಾರ್ಡ್ ಮಗ್ಗವನ್ನೇ ಹೋಲಿಕೆಗೆ ತೆಗೆದುಕೊಂಡಳು. ಹೀಗಿರುವುದರಿಂದ, ಗಣಕಯಂತ್ರ ಕಲಿಯಲು ಪುಣೆಗೆ ಹೊರಟ ಅಕ್ಕಲಕೋಟೆ ತಾಲೂಕಿನ ಹುಡುಗ ಸೊಲ್ಲಾಪುರದಲ್ಲಿ ಬಸ್ಸು ಬದಲಿಸುವಾಗ ಅರ್ಧ ಗಂಟೆ ಮಗ್ಗದ ಪೇಟೆಯಲ್ಲಿ ಅಡ್ಡಾಡಿದರೆ ಅವನ ಓದಿಗೆ ನಷ್ಟವೇನೂ ಆಗದು.

ಕೌದಿ ಮತ್ತು ಚಾದರು, ಎರಡರಲ್ಲಿ ಯಾವುದು ಕಲಾವಿದನಿಗೆ ಹಿತವಾದ ಮಾರ್ಗ? ಉತ್ತರವು ಮಾಡುವ ಕೆಲಸದ ಮೇಲೆ ನಿಂತಿದೆ. ಹತ್ತು ಕೈಗಳು ಕೂಡಿ ಮಾಡುವ ಕೆಲಸಕ್ಕೆ, ಒಂದೇ ಮಾದರಿಯನ್ನು ನೂರು ಸಲ ತೆಗೆಯುವ ಕೆಲಸಕ್ಕೆ ಕಾರ್ಡಿನ ಮಾಲೆ ಬೇಕು. ಒಬ್ಬರೇ, ಬಿಡುವು ಸಿಕ್ಕಾಗ, ಒಂದೇ ಒಂದನ್ನು ಮಾಡುವವರಿಗೆ ಕೌದಿಯ ಸುರುಳಿ ಸಾಕು. ಕಥೆ ಬರೆಯುವ ಮಗುವಿಗೆ ಇಪ್ಪತ್ತು ಅಂಶಗಳ ನಕ್ಷೆ ಕೊಟ್ಟು ಕೂರಿಸಿದರೆ ಕಥೆ ಕಾರ್ಡಾಗುತ್ತದೆ, ನವಿಲಾಗುವುದಿಲ್ಲ. ಶಾಲೆಯ ಗ್ಯಾದರಿಂಗಿಗೆ ನಾಟಕ ಕೂಡಿಸುವ ಮಾಸ್ತರರು ‘ಸ್ಫೂರ್ತಿ ಬಂದಾಗ ತಾಲೀಮು’ ಎಂದರೆ ಪರದೆ ಏಳುವುದಿಲ್ಲ.

ಕಲೆಗೂ ಪಟ್ಟಿಗೂ ಆಗಿಬರದು ಎಂಬ ನಂಬಿಕೆ ಮಾತ್ರ ಎಲ್ಲೆಡೆ ಗಟ್ಟಿಯಾಗಿದೆ. ಇಂಗ್ಲಿಷ್ ಕಾದಂಬರಿಕಾರ ಆಂಥನಿ ಟ್ರಾಲಪ್ ಅಂಚೆ ಇಲಾಖೆಯ ನೌಕರ. ಬೆಳಗಿನ ಐದೂವರೆಗೆ ಮೇಜಿನ ಮುಂದೆ ಕೂತು, ಗಡಿಯಾರ ಮುಂದಿಟ್ಟುಕೊಂಡು, ಕಾಲು ಗಂಟೆಗೆ 250 ಪದಗಳಂತೆ ಬರೆದು, ಆಮೇಲೆ ಕಚೇರಿಗೆ ಹೋಗುತ್ತಿದ್ದ. ವಾರದ ಅಂಕಣ ಹಾಕಿದ ದಿನಚರಿಯಲ್ಲಿ ಪ್ರತಿದಿನದ ಪುಟಗಳ ಲೆಕ್ಕ ಬರೆದಿಡುತ್ತಿದ್ದ. ಹೀಗೆ 47 ಕಾದಂಬರಿಗಳಾದವು. ತೀರಿಕೊಂಡ ಮರುವರ್ಷ, 1883ರಲ್ಲಿ, ಅವನ ಆತ್ಮಕಥೆ ಪ್ರಕಟವಾಗಿ ಈ ಗುಟ್ಟು ಹೊರಬಿದ್ದಾಗ ಅವನ ಕೀರ್ತಿಗೆ ಪೆಟ್ಟುಬಿತ್ತು. ಕಾದಂಬರಿಗಳು ಬದಲಾಗಿರಲಿಲ್ಲ. ಲೆಕ್ಕವಿಟ್ಟು ಬರೆದದ್ದು ಕಲೆಯಾದೀತೆ ಎಂಬ ಅನುಮಾನವೊಂದೇ ಹೊಸದು.

ಸೊಲ್ಲಾಪುರದಲ್ಲಿಯೇ ಇದಕ್ಕೆ ಎದುರಾಗಿ ನಿಲ್ಲುವ ಹೆಸರೊಂದಿದೆ. ದ. ರಾ. ಬೇಂದ್ರೆಯವರು 1944ರಿಂದ 1956ರವರೆಗೆ ಇಲ್ಲಿಯ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದರು. ‘ಅಂಬಿಕಾತನಯದತ್ತ’ ಎಂಬ ಅಂಕಿತದಲ್ಲಿಯೇ ಕವಿತೆಯು ತಾಯಿಯಿಂದ ಬಂದ ದತ್ತಿ ಎಂಬ ಭಾವವಿದೆ. ಕಾಲು ಗಂಟೆಗೆ ಇಷ್ಟು ಸಾಲು ಎಂಬ ಕರಾರಿಗೆ ಅವರ ಕಾವ್ಯ ಒಗ್ಗುವಂಥದಲ್ಲ. ಆದರೂ ಅವರಿಗೆ ಕಾಲೇಜಿನ ಗಂಟೆ ಇತ್ತು, ಪಾಠದ ವೇಳಾಪತ್ರಿಕೆ ಇತ್ತು; ಆ ಹನ್ನೆರಡು ವರ್ಷಗಳಲ್ಲಿಯೇ, 1951ರಲ್ಲಿ, ‘ಗಂಗಾವತರಣ’ ಹೊರಬಂತು. ಅದೇ ಕವಿ ಮುಂದೆ ಅಂಕೆಸಂಖ್ಯೆಗಳ ಮೋಹಕ್ಕೆ ಒಳಗಾಗಿ ಕೋಷ್ಟಕಗಳಲ್ಲಿ ಮುಳುಗಿದ್ದೂ ಎಲ್ಲರಿಗೂ ಗೊತ್ತಿದೆ. ಪದ್ಯ ಯಾವಾಗ ಇಳಿಯಬೇಕೆಂಬುದನ್ನು ಯಾವ ಪಟ್ಟಿಯೂ ಹೇಳಲಾರದು. ಇಳಿದ ಪದ್ಯವನ್ನು ಬರೆದುಕೊಳ್ಳಲು ಕಾಗದ ಕೈಗೆ ಸಿಗುವಂತಿರಬೇಕು, ಅಚ್ಚಿಗೆ ಹೋಗುವ ಪ್ರತಿಯನ್ನು ಯಾರಾದರೂ ಶುದ್ಧ ಬರೆದಿರಬೇಕು, ಕರಡಚ್ಚು ತಿದ್ದಬೇಕು. ಇವಕ್ಕೆಲ್ಲ ಪಟ್ಟಿ ಬೇಕೇ ಬೇಕು.

ಕನ್ನಡ ಮಾಧ್ಯಮದ ಮಕ್ಕಳಿಗೆ ಈ ವಿಚಾರ ದೂರದ್ದೇನಲ್ಲ. ಮಹಾರಾಷ್ಟ್ರದ ಕಲಾ ಸಂಚಾಲನಾಲಯ ನಡೆಸುವ ಎಲಿಮೆಂಟರಿ ಮತ್ತು ಇಂಟರ್‌ಮೀಡಿಯೆಟ್ ಚಿತ್ರಕಲಾ ಪರೀಕ್ಷೆಗಳಿಗೆ ಗಡಿಭಾಗದ ಮಕ್ಕಳೂ ಕೂಡುತ್ತಾರೆ. ಸ್ಥಿರಚಿತ್ರ, ಸ್ಮರಣಚಿತ್ರ, ಸಂಕಲ್ಪಚಿತ್ರ, ಭೂಮಿತಿ ಮತ್ತು ಅಕ್ಷರಲೇಖನ: ಒಂದೊಂದಕ್ಕೂ ಗೊತ್ತಾದ ವೇಳೆ. ಕೈ ಚೆನ್ನಾಗಿರುವ ಎಷ್ಟೋ ಮಕ್ಕಳು ಅಲ್ಲಿ ಸೋಲುವುದು ಬಣ್ಣದಲ್ಲಲ್ಲ. ಪೆನ್ಸಿಲಿನ ರೇಖೆಗೇ ಮುಕ್ಕಾಲು ವೇಳೆ ಕೊಟ್ಟು, ಬಣ್ಣ ಒಣಗಲು ಸಮಯ ಉಳಿಯದೆ, ಹಸಿಯ ಮೇಲೆ ಹಸಿ ಹಚ್ಚಿ ಕೆಡಿಸುತ್ತಾರೆ. ಮನೆಯಲ್ಲಿ ಅಭ್ಯಾಸ ಮಾಡುವಾಗ ನೋಟುಬುಕ್ಕಿನ ಕೊನೆಯ ಹಾಳೆಗೆ ಮೂರು ಅಂಕಣ ಗೆರೆ ಹೊಡೆದು, ‘ಉಳಿದದ್ದು, ಹಿಡಿದದ್ದು, ಮುಗಿದದ್ದು’ ಎಂದು ಬರೆದುಕೊಂಡರೆ ಸಾಕು. ‘ಹಿಡಿದದ್ದು’ ಎಂಬಲ್ಲಿ ಒಂದೇ ಚಿತ್ರದ ಹೆಸರಿರಲಿ. ನಿಲ್ಲಿಸಿ ಏಳುವಾಗ ಮುಂದಿನ ಹೆಜ್ಜೆ ಯಾವುದೆಂದು ಒಂದು ಸಾಲು ಬರೆದಿಟ್ಟರೆ, ಅದು ಕೌದಿಯಲ್ಲಿ ಚುಚ್ಚಿಟ್ಟ ಸೂಜಿ. ಮನೆಯ ಮಾತಿನಲ್ಲಿ ಬರೆದರೆ ಒಳ್ಳೆಯದು. ಅವ್ವನಿಗೂ ಅದನ್ನು ಓದಲು ಬರುತ್ತದೆ. ಹತ್ತನೆಯ ತರಗತಿ ಬಂತೆಂದು, ವೇಳೆ ಇಲ್ಲವೆಂದು, ಕುಂಚವನ್ನು ಕಪಾಟಿಗೆ ಹಾಕಿಸುವ ಮನೆಗಳು ಈ ಒಂದು ಸಾಲನ್ನು ಬರೆಯಿಸಿ ನೋಡಬೇಕು. ವಾರಕ್ಕೆ ಎರಡು ಮಧ್ಯಾಹ್ನದ ಒಂದೊಂದು ಗಂಟೆ ಸಾಕಾದೀತು. ಕೌದಿಗೂ ಅಷ್ಟೇ ಸಿಗುವುದು.

ಕಲಾವಿದರ ಪಟ್ಟಿಯಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಒಂದು ಕೆಲಸವಿದೆ, ಅದರ ಬೆಲೆ ದೊಡ್ಡದು. ಕಾಯಿದೆಯ ಕಣ್ಣಿನಲ್ಲಿ ಕೆಲಸಗಳ ಅನುಕ್ರಮವೇ ಹಕ್ಕನ್ನು ಉಳಿಸುತ್ತದೆ ಅಥವಾ ಕಳೆಯುತ್ತದೆ. ಚಾದರಿನ ಮೇಲೆ ಹಾಕಲೆಂದು ಹೊಸ ವಿನ್ಯಾಸ ಬರೆದವನು 2000ದ ವಿನ್ಯಾಸ ಕಾಯಿದೆಯ ಪ್ರಕಾರ ಅದನ್ನು ನೋಂದಾಯಿಸಬೇಕು. ಅದಕ್ಕೆ ಹತ್ತು ವರ್ಷ, ಮತ್ತೆ ಅರ್ಜಿ ಹಾಕಿದರೆ ಇನ್ನೈದು ವರ್ಷ ರಕ್ಷಣೆ. ಆದರೆ ನೋಂದಣಿಯ ಅರ್ಜಿಗೆ ಮುಂಚೆಯೇ ಅದನ್ನು ಲೋಕಕ್ಕೆ ಪ್ರಕಟಪಡಿಸಿದರೆ ಹೊಸತನ ಹೋಯಿತು, ಅರ್ಜಿಯೂ ನಿಲ್ಲುವುದಿಲ್ಲ. ಚಿತ್ರ ಬರೆದೆ, ಅದಕ್ಕೆ ಕೃತಿಸ್ವಾಮ್ಯ ತಾನಾಗಿಯೇ ಇದೆ ಎಂದು ಸುಮ್ಮನಿರುವಂತೆಯೂ ಇಲ್ಲ. ನೋಂದಣಿಗೆ ಅರ್ಹವಾದ ವಿನ್ಯಾಸವನ್ನು ನೋಂದಾಯಿಸದೆ, ಯಂತ್ರೋದ್ಯಮದ ಕ್ರಮದಲ್ಲಿ ಐವತ್ತಕ್ಕಿಂತ ಹೆಚ್ಚು ಪ್ರತಿ ತೆಗೆದರೆ, 1957ರ ಕೃತಿಸ್ವಾಮ್ಯ ಕಾಯಿದೆಯ 15ನೆಯ ಕಲಮಿನಂತೆ ಆ ಹಕ್ಕು ಅಲ್ಲಿಗೆ ಮುಗಿಯುತ್ತದೆ. ಮಗ್ಗಕ್ಕೆ ಐವತ್ತೊಂದು ಚಾದರು ದೊಡ್ಡ ಲೆಕ್ಕವಲ್ಲ. ಮೊದಲು ನೋಂದಣಿ, ಆಮೇಲೆ ಪ್ರದರ್ಶನ, ಆಮೇಲೆ ಮಾರಾಟ ಎಂಬ ಮೂರು ಸಾಲು ಗೋಡೆಯ ಮೇಲಿದ್ದರೆ ಉಳಿಯುವ ಹಕ್ಕು, ಅವಸರದಲ್ಲಿ ಮೂರನೆಯದು ಮೊದಲಾದರೆ ಉಳಿಯದು. ಸಂಬಳದ ನೌಕರನಾಗಿ ಬರೆದ ಚಿತ್ರದ ಹಕ್ಕು, ಬೇರೆ ಕರಾರಿಲ್ಲದಿದ್ದರೆ, ಮಾಲೀಕನಿಗೆ ಸೇರುತ್ತದೆ. ಆ ಕರಾರೂ ಕೆಲಸ ಹಿಡಿಯುವ ಮುಂಚಿನ ಕೆಲಸ.

ಕೌದಿಯ ಸಂಗತಿ ಬೇರೆ. ಅದು ಒಂದೊಂದೇ ಆಗುವಂಥದು, ಐವತ್ತರ ಮಿತಿ ಅದಕ್ಕೆ ತಟ್ಟದು. ಕಲಾತ್ಮಕ ಕುಶಲಕೃತಿ ಎಂದು ಪರಿಗಣಿತವಾದರೆ, ನೋಂದಣಿ ಇಲ್ಲದೆಯೂ, ಹೊಲಿದವಳ ಜೀವಮಾನ ಮತ್ತು ಅವಳ ನಂತರದ 60 ವರ್ಷ ಆ ಹಕ್ಕು ಬಾಳುತ್ತದೆ. ಆದರೆ ಹಕ್ಕು ಕೇಳುವವರು ಇದು ಯಾರದು, ಯಾವಾಗಿನದು ಎಂದು ತೋರಿಸಬೇಕಾಗುತ್ತದೆ. ಕೌದಿಗಳನ್ನು ಈಗ ಪೇಟೆಯ ಅಂಗಡಿಗಳು ಕೊಳ್ಳುತ್ತವೆ. ಅವುಗಳ ಚಿತ್ರವನ್ನು ಬಟ್ಟೆಯ ಮೇಲೆ ಅಚ್ಚು ಹಾಕಿ ಮಾರುವುದೂ ಕಷ್ಟವಲ್ಲ. ಮನೆಯಲ್ಲಿ ಮೊಬೈಲು ಇಲ್ಲದವರು ಈಗ ವಿರಳ. ಕೌದಿ ಹಾಸಿದ ದಿನ ಒಂದು, ಅರ್ಧವಾದಾಗ ಒಂದು, ಮುಗಿದ ದಿನ ಒಂದು, ಹೀಗೆ ಮೂರು ಫೋಟೊ ತೆಗೆದು, ಶಾಲೆಗೆ ಹೋಗುವ ಮಗಳ ಕೈಯಿಂದ ತಾರೀಖು, ಹೊಲಿದವರ ಹೆಸರು, ಕೂತ ದಿನಗಳ ಲೆಕ್ಕವನ್ನು ಒಂದು ವಹಿಯಲ್ಲಿ ಬರೆಯಿಸಿಟ್ಟರೆ ಹೊಲಿದವಳ ಕೈಯಲ್ಲಿ ಆಧಾರವೊಂದು ಇರುತ್ತದೆ. ದರ ಹೇಳುವಾಗಲೂ ಅದೇ ವಹಿ ಕೆಲಸಕ್ಕೆ ಬರುತ್ತದೆ.

ಸದ್ಯಕ್ಕೆ ಅಂಥ ವಹಿಯಿಲ್ಲದ ಮನೆಗಳೇ ಹೆಚ್ಚು. ಕೊಳ್ಳಲು ಬಂದವರು ಇದಕ್ಕೆ ಎಷ್ಟು ದಿನ ಹಿಡಿಯಿತೆಂದು ಕೇಳಿದರೆ, ತೊಗರಿ ಬಡಿಯುವಾಗ ಹಾಸಿದ್ದು, ಯುಗಾದಿಗೆ ಮುಗಿದದ್ದು ಎಂಬ ಉತ್ತರ ಬರುತ್ತದೆ. ನಡುವೆ ಎಷ್ಟು ಮಧ್ಯಾಹ್ನ ಎಂಬುದನ್ನು ಯಾರೂ ಎಣಿಸಿರುವುದಿಲ್ಲ. ಬೆಲೆಯನ್ನು ಕೊಳ್ಳುವವರೇ ಹೇಳುತ್ತಾರೆ. ಕೌದಿಯನ್ನು ನಾಲ್ಕು ಮಡಿಕೆ ಮಾಡಿ, ಹಗ್ಗ ಬಿಗಿದು, ದುಧನಿಯಿಂದ ಬರುವ ಬಸ್ಸಿಗೆ ಏರಿಸುತ್ತಾರೆ.